ದೋಣಿಯ ಮೂತಿಯ ಮೇಲೆ ಕುಣಿಯುವ ಹುಡುಗ: ಆತನಿಗೆ ಅಲ್ಲೇನು ಕೆಲಸ?

ತುಂಗೆಯ ದಡದವಳು:
ಕಪ್ಪು ಅಂಗಿ, ತಲೆಗೆ ಮಲಯ ಮಾದರಿಯ ರುಮಾಲು, ಕಣ್ಣಿಗೆ ಕಪ್ಪು ಕನ್ನಡಕ. ಇಂಡೋನೇಷ್ಯಾದ ದೋಣಿ ಸ್ಪರ್ಧೆಯೊಂದರಲ್ಲಿ ಓಡುತ್ತಿರುವ ಉದ್ದನೆಯ ದೋಣಿಯ ತುತ್ತತುದಿಯಲ್ಲಿ ನಿಂತು, ಮುಖದಲ್ಲಿ ಒಂದಿಷ್ಟೂ ಗಾಬರಿಯಿಲ್ಲದೆ ಕೈ ತಿರುಗಿಸುತ್ತಾ ಕುಣಿಯುವ 11 ವರ್ಷದ ಹುಡುಗ. 2025ರ ಜುಲೈ ಹೊತ್ತಿಗೆ ಆ ವಿಡಿಯೊ ಎಲ್ಲರ ಫೋನಿಗೂ ಬಂದಿತ್ತು. ಪ್ಯಾರಿಸ್‌ನ ಪಿಎಸ್‌ಜಿ ಫುಟ್‌ಬಾಲ್ ತಂಡ, ಅಮೆರಿಕನ್ ಫುಟ್‌ಬಾಲ್ ಆಟಗಾರ ಟ್ರಾವಿಸ್ ಕೆಲ್ಸಿ, ಫಾರ್ಮುಲಾ ಒನ್‌ನ ಅಲೆಕ್ಸ್ ಆಲ್ಬನ್ ಎಲ್ಲರೂ ಅದನ್ನು ಅನುಕರಿಸಿದರು. ನಮ್ಮ ಬೀದಿಯ ಗಣಪತಿ ಮೆರವಣಿಗೆಯಲ್ಲೂ ಇಬ್ಬರು ಪೋರರು ಟ್ರ್ಯಾಕ್ಟರ್ ಬಾನೆಟ್ ಹತ್ತಿ ಅದನ್ನೇ ಮಾಡಿ ಬೈಸಿಕೊಂಡರು.

ನನ್ನ ತಲೆ ಕೊರೆಯುತ್ತಿರುವ ವಿಷಯ ಬೇರೆ. ಅದು ಸ್ಪರ್ಧೆ. ಐವತ್ತು ಜನ ಬೆವರು ಸುರಿಸಿ ಹುಟ್ಟು ಹಾಕುತ್ತಿದ್ದಾರೆ. ಒಂದು ಕಿಲೋ ಹೆಚ್ಚುವರಿ ತೂಕವೂ ಬೇಡ ಅನ್ನುವ ಜಾಗದಲ್ಲಿ ಹುಟ್ಟನ್ನೇ ಮುಟ್ಟದ ಒಬ್ಬ ಹುಡುಗನನ್ನು ಯಾಕೆ ಹತ್ತಿಸಿಕೊಂಡಿದ್ದಾರೆ? ಬರೀ ಚಂದಕ್ಕಾ? ನಮ್ಮ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ತೆಪ್ಪೋತ್ಸವ ನೋಡಿ ಬೆಳೆದವಳು ನಾನು. ಅಲ್ಲಿ ತೆಪ್ಪ ನಿಧಾನಕ್ಕೆ ಸುತ್ತುತ್ತದೆ, ದೇವರಿಗೆ ಅವಸರವಿಲ್ಲ. ಇಲ್ಲಿ ಹಾಗಲ್ಲವಲ್ಲ. ಗೊತ್ತಿದ್ದವರು ಹೇಳಿ.

ಧಾರವಾಡ ಮಂದಿ:
ಅಕ್ಕಾರ, ಭಾಳ ವಿಚಾರ ಮಾಡಬ್ಯಾಡ್ರಿ. ಹುಡುಗ ಕುಣದಾನ, ಮಂದಿ ನೋಡ್ಯಾರ, ಮುಗೀತು. ನಾಳೆ ಇನ್ನೊಂದು ರೀಲ್ಸ್ ಬರತೈತಿ.

ರಿಯಾವು ರಾಯರು:
ನಾನು ಇರುವುದು ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ರಿಯಾವು ಪ್ರಾಂತ್ಯದಲ್ಲಿ, ಕಾಗದ ಕಾರ್ಖಾನೆಯೊಂದರ ಮೇಂಟೆನೆನ್ಸ್ ವಿಭಾಗದಲ್ಲಿ. ಊರು ಮೈಸೂರು. ಈ ಹಬ್ಬ ನಡೆಯುವುದು ನಮ್ಮದೇ ಪ್ರಾಂತ್ಯದ ಕುವಾಂತಾನ್ ಸಿಂಗಿಂಗಿ ಜಿಲ್ಲೆಯಲ್ಲಿ. ಇಲ್ಲಿಯವರು ಚಿಕ್ಕದಾಗಿ ‘ಕುವಾನ್‌ಸಿಂಗ್’ ಅನ್ನುತ್ತಾರೆ. ಹಬ್ಬದ ಹೆಸರು ಪಾಚು ಜಾಲುರ್. ಜಾಲುರ್ ಅಂದರೆ ಆ ಉದ್ದನೆಯ ದೋಣಿ. ದೊಡ್ಡ ಸ್ಪರ್ಧೆ ಪ್ರತಿವರ್ಷ ಆಗಸ್ಟ್‌ನಲ್ಲಿ, ಕುವಾಂತಾನ್ ನದಿಯ ದಡದ ತೆಲುಕ್ ಕುವಾಂತಾನ್ ಪಟ್ಟಣದಲ್ಲಿ. ಅಲ್ಲಿಯ ನದೀತೀರಕ್ಕೆ ತೆಪಿಯಾನ್ ನಾರೋಸಾ ಅನ್ನುತ್ತಾರೆ. ಅದಕ್ಕೆ ಮುಂಚೆ ತಾಲೂಕು ಮಟ್ಟದ ಸುತ್ತುಗಳು ಬೇರೆ ನಡೆಯುತ್ತವೆ.

ತುಂಗೆಯವರೇ, ನಿಮ್ಮ ಪ್ರಶ್ನೆಗೆ ಉತ್ತರ: ಬರೀ ಚಂದಕ್ಕಲ್ಲ. ಹುಡುಗನದು ಆ ದೋಣಿಯಲ್ಲಿ ಒಂದು ಹುದ್ದೆ. ತುಕಾಂಗ್ ತಾರಿ ಅನ್ನುತ್ತಾರೆ, ಊರವರ ಮಾತಿನಲ್ಲಿ ಅನಾಕ್ ಚೋಕಿ ಅಂತಲೂ ಉಂಟು. ಆತ ಶುರುವಿನಿಂದ ಕೊನೆಯವರೆಗೂ ಕುಣಿಯುವುದಿಲ್ಲ. ತನ್ನ ದೋಣಿ ಎದುರಾಳಿಯನ್ನು ಹಿಂದೆ ಹಾಕಿದಾಗ ಎದ್ದು ಕುಣಿಯುತ್ತಾನೆ. ಓಟ ನಡೆಯುವುದು ಸುಮಾರು ಒಂದು ಕಿಲೋಮೀಟರ್ ಉದ್ದಕ್ಕೆ, ಒಂದು ಸಲಕ್ಕೆ ಎರಡೇ ದೋಣಿ, ಸೋತವರು ಮನೆಗೆ. ದಡದಲ್ಲಿ ಓರೆಯಾಗಿ ನಿಂತವರಿಗೆ ಯಾವ ದೋಣಿ ಅರ್ಧ ಮಾರು ಮುಂದಿದೆ ಅಂತ ಕಾಣುವುದೇ ಇಲ್ಲ. ಹುಡುಗ ಕುಣಿದರೆ ಗೊತ್ತಾಗುತ್ತದೆ. ಆತ ಎದ್ದ ತಕ್ಷಣ ಆ ಊರಿನವರೆಲ್ಲ ಒಟ್ಟಿಗೆ ಕೂಗುತ್ತಾರೆ. ಆ ಕೂಗು ಕೇಳಿ ಹುಟ್ಟು ಹಾಕುವವರಿಗೂ ಗೊತ್ತಾಗುತ್ತದೆ, ಅವರು ತಲೆ ಎತ್ತಿ ನೋಡುವ ಹಾಗಿಲ್ಲವಲ್ಲ. ಎದುರಾಳಿ ದೋಣಿಯ ಹುಡುಗ ಕೂತೇ ಇರುತ್ತಾನೆ. ಅವನ ಮುಖ ನೋಡಬೇಕು.

ಹಾಗಾಗಿ ನೀವು ವಿಡಿಯೊದಲ್ಲಿ ಕಂಡದ್ದು ಗೆಲ್ಲುತ್ತಿರುವ ದೋಣಿಯನ್ನು. ಸೋಲುವ ದೋಣಿಯ ವಿಡಿಯೊದಲ್ಲಿ ಕುಣಿತವೇ ಇರುವುದಿಲ್ಲ.

ತುಂಗೆಯ ದಡದವಳು:
ಓಹ್! ಹಾಗಾದರೆ ಆತ ನಡೆದಾಡುವ ಸ್ಕೋರ್‌ಬೋರ್ಡು.

ಮಲ್ಪೆ ಬಂದರು:
ನೀವು ಎಂಥದೇ ಹೇಳಿ ಮಾರಾಯ್ರೆ, ನನಗೆ ಕುಣಿತಕ್ಕಿಂತ ಆ ಹುಡುಗನ ಕಾಲು ಕಂಡು ಆಶ್ಚರ್ಯ. ನಾನು ದೋಣಿಯಲ್ಲೇ ದೊಡ್ಡವನಾದವ. ಹುಟ್ಟು ಹಾಕುವ ದೋಣಿ ಒಂದೇ ಸಮ ಹೋಗುವುದಿಲ್ಲ. ಹುಟ್ಟು ನೀರಿಗೆ ಬಿದ್ದಾಗ ಮುಂದಕ್ಕೆ ಜಗ್ಗುತ್ತದೆ, ಎತ್ತಿದಾಗ ತುಸು ನಿಲ್ಲುತ್ತದೆ, ಪುನಃ ಜಗ್ಗುತ್ತದೆ. ಮೂತಿಯಲ್ಲಿ ನಿಂತವನಿಗೆ ಅದು ನಿಮಿಷಕ್ಕೆ ಎಷ್ಟೋ ಸಲ ಹಿಂದಿನಿಂದ ಯಾರೋ ದೂಡಿದ ಹಾಗೆ. ಹಿಡಿದುಕೊಳ್ಳಲಿಕ್ಕೆ ಏನೂ ಇಲ್ಲ, ಮರ ಒದ್ದೆ. ನೆಟ್ಟಗೆ ಕಾಲು ಮಡಚದೆ ನಿಂತರೆ ಎರಡನೇ ಜಗ್ಗಿಗೆ ನೀರಿನಲ್ಲಿ. ಆ ಹುಡುಗನ ಮೊಣಕಾಲು ನೋಡಿ, ಸದಾ ಚೂರು ಮಡಚಿಯೇ ಉಂಟು, ಸೊಂಟ ಸಡಿಲ. ಕೈ ಬೀಸುವುದೂ ನನ್ನ ಕಣ್ಣಿಗೆ ಸುಮ್ಮನೆ ಕಾಣುವುದಿಲ್ಲ. ಒಂದು ಕಡೆ ವಾಲಿದರೆ ಇನ್ನೊಂದು ಕಡೆ ಕೈ ಚಾಚಬೇಕಲ್ಲ. ಕುಣಿತವೂ ಅದೇ, ತೂಕ ಸರಿಮಾಡಿಕೊಳ್ಳುವುದೂ ಅದೇ.

ಧಾರವಾಡ ಮಂದಿ:
ಇದು ಕೇಳಾಕ ಚಲೋ ಐತಿ. ಆದರ ದೊಡ್ಡವರೊಬ್ಬರು ನಿಲ್ಲಬಾರದೇನು? ಹುಡುಗರನ್ನ ಯಾಕ ನಿಲ್ಲಸ್ತಾರ?

ಬಿಎಸ್ಸಿ ಬ್ಯಾಕ್‌ಬೆಂಚ್:
ತೂಕ ಸಾರ್. ಜಾಲುರ್ 25ರಿಂದ 40 ಮೀಟರ್ ಉದ್ದ ಅಂತ ಓದಿದೆ, ಅಗಲ ಮಾತ್ರ ಇಬ್ಬರು ಪಕ್ಕಪಕ್ಕ ಕೂರುವಷ್ಟು. ಅಷ್ಟು ಉದ್ದದ ದೋಣಿಯ ತುದಿಯಲ್ಲಿ ಇಟ್ಟ ಭಾರ ನಡುವಿನಲ್ಲಿ ಇಟ್ಟ ಭಾರದಂತಲ್ಲ, ನಡುವಿನಿಂದ ದೂರ ಹೋದಷ್ಟೂ ಮೂತಿಯನ್ನು ಕೆಳಕ್ಕೆ ಒತ್ತುವ ಬಲ ಹೆಚ್ಚುತ್ತದೆ. ಎಪ್ಪತ್ತು ಕಿಲೋದವರು ನಿಂತರೆ ಮೂತಿ ನೀರು ಕುಡಿಯುತ್ತಾ ಹೋಗುತ್ತದೆ, ವೇಗ ಸತ್ತಿತು. ಮೂವತ್ತು ಕಿಲೋ ಹುಡುಗನಾದರೆ ಪರವಾಗಿಲ್ಲ. ಜತೆಗೆ ಮಗುವಿನ ಎತ್ತರ ಕಡಿಮೆ, ಗುರುತ್ವಕೇಂದ್ರ ಕೆಳಗೆ, ಬೀಳುವುದೂ ಕಡಿಮೆ. ಇದು ನನ್ನ ಲೆಕ್ಕ, ರಾಯರು ಅಲ್ಲಿಯವರ ಲೆಕ್ಕ ಹೇಳಲಿ.

ರಿಯಾವು ರಾಯರು:
ಅಲ್ಲಿಯವರೂ ಅದನ್ನೇ ಹೇಳುತ್ತಾರೆ, ಗುರುತ್ವಕೇಂದ್ರ ಒಂದು ಬಿಟ್ಟು. ಹಗುರ ಇರಬೇಕು, ಹೆದರಬಾರದು, ಈಜು ಬರಬೇಕು.

ದೋಣಿಯಲ್ಲಿ ಹುಟ್ಟು ಹಾಕದೆ ಕೆಲಸ ಮಾಡುವವರು ಈ ಹುಡುಗನೊಬ್ಬನೇ ಅಲ್ಲ, ಉಳಿದವರನ್ನು ಕ್ಯಾಮೆರಾ ಕತ್ತರಿಸಿಬಿಟ್ಟಿದೆ. ನಡುವಿನಲ್ಲಿ ತಿಂಬೋ ರುವಾಂಗ್ ಅಂತ ಒಬ್ಬ, ಒಳಗೆ ತುಂಬುವ ನೀರು ಮೊಗೆದು ಹಾಕುತ್ತಾ ಹುಟ್ಟಿನ ಲಯ ಕೊಡುವವ. ಕೂಗಿ ಆಜ್ಞೆ ಕೊಡುವವ ಬೇರೆ. ಚುಕ್ಕಾಣಿಯವ ಬೇರೆ. ಹಿಂದಿನ ತುದಿಯಲ್ಲಿ ತುಕಾಂಗ್ ಒಂಜಾಯ್ ಅನ್ನುವ ಗಟ್ಟಿಮುಟ್ಟಾದ ಆಳು ನಿಂತು ಇಡೀ ಮೈಯಿಂದ ದೋಣಿಯ ಹಿಂದಲೆಯನ್ನು ಅದುಮಿ ಅದುಮಿ ತೂಗುತ್ತಾನೆ. ದೋಣಿಗೆ ಆ ಜೀಕು ಕೊಡುವವ ಅವನೇ. ಸತ್ಯ ಹೇಳಬೇಕೆಂದರೆ ನನಗೆ ಒಂಜಾಯ್‌ನನ್ನು ನೋಡುವುದೇ ಹೆಚ್ಚು ಇಷ್ಟ. ಹಿಂದಿನ ತುದಿಯಲ್ಲಿ ಅವನ ಜಿಗಿತ, ಮುಂದಿನ ತುದಿಯಲ್ಲಿ ಹುಡುಗನ ಕುಣಿತ, ನಡುವೆ ನಲವತ್ತರಿಂದ ಅರವತ್ತು ಬೆನ್ನುಗಳು. ಒಂದೇ ಲಯಕ್ಕೆ ಕೂಡಿದಾಗ ಹುಡುಗನಿಗೆ ಕುಣಿತ ಯಾರೂ ಹೇಳಿಕೊಡಬೇಕಾಗಿಲ್ಲ, ಕೆಳಗಿನಿಂದ ಕಾಲಿಗೇ ಬರುತ್ತದೆ. ಆ ಹುಡುಗನೂ ಸಂದರ್ಶನದಲ್ಲಿ, ಅದು ತಾನೇ ಆ ಕ್ಷಣಕ್ಕೆ ಮಾಡಿದ ಕುಣಿತ ಅಂತಲೇ ಹೇಳಿದ. ಹೆಜ್ಜೆ ಕಟ್ಟಿಕೊಟ್ಟ ಗುರು ಇಲ್ಲ.

ಓಟ ಶುರುವಾಗುವುದು ಫಿರಂಗಿ ಸದ್ದಿಗೆ. ಸೀಟಿ ಊದಿದರೆ ಆ ಗದ್ದಲದಲ್ಲಿ ಯಾರಿಗೂ ಕೇಳದು. ಮೊದಲ ಸದ್ದಿಗೆ ದೋಣಿಗಳು ಜಾಗಕ್ಕೆ, ಎರಡನೆಯದಕ್ಕೆ ಹುಟ್ಟು ಸಿದ್ಧ, ಮೂರನೆಯದಕ್ಕೆ ಹೊಡೆತ. ಗೆದ್ದ ಮೇಲೆ ಹುಡುಗ ಮೂತಿಯ ಮೇಲೆ ತಲೆಯಿಟ್ಟು ದೇವರಿಗೆ ನಮಿಸುವುದೂ ಉಂಟು. ವೈರಲ್ ಆದ ತುಣುಕಿನಲ್ಲಿ ಅದು ಇಲ್ಲ.

ಕಾಸರಗೋಡಿನ ಭಟ್ರು:
ನಮ್ಮ ಕೇರಳದ ದೋಣಿಯೋಟ ವಳ್ಳಂಕಳಿ ನೋಡಿದವರಿಗೆ ಇದು ಅರ್ಧ ಗುರುತು, ಅರ್ಧ ಹೊಸತು. ನೀಲೇಶ್ವರದ ಹತ್ತಿರ ತೇಜಸ್ವಿನಿ ಹೊಳೆಯಲ್ಲಿ ನಡೆಯುವ ಸ್ಪರ್ಧೆಗೆ ನಾವು ಹೋಗುವುದುಂಟು. ದಕ್ಷಿಣದ ಆಲಪ್ಪುಳದ ಪುನ್ನಮಡ ಕೆರೆಯ ನೆಹರು ಟ್ರೋಫಿ ಅಂದರೆ ಅದರಪ್ಪ. 1952ರಲ್ಲಿ ನೆಹರೂ ಓಟ ನೋಡಲು ಬಂದವರು ಉತ್ಸಾಹ ತಡೆಯಲಾರದೆ ಗೆದ್ದ ದೋಣಿಗೆ ಹತ್ತಿಬಿಟ್ಟರು, ಆಮೇಲೆ ದೋಣಿಯ ಆಕಾರದ ಬೆಳ್ಳಿ ಪಾರಿತೋಷಕ ಕಳಿಸಿದರು.

ಅಲ್ಲಿ ಓಡುವ ಚುಂಡನ್ ವಳ್ಳ ಎಂಬ ದೋಣಿಯದ್ದು ನೂರಡಿ ಮೀರಿದ ಉದ್ದ, ಆದರೆ ಅದರ ಹೆಚ್ಚುಗಾರಿಕೆಯೆಲ್ಲ ಹಿಂಬದಿಯಲ್ಲಿ. ಹಾವಿನ ಹೆಡೆ ಎತ್ತಿದ ಹಾಗೆ ಏಳುವುದು ಹಿಂದಲೆ, ಅಲ್ಲಿ ನಿಲ್ಲುವವರು ದೊಡ್ಡ ದೊಡ್ಡ ಗಂಡಸರು. ನಡುವಿನ ಹಲಗೆಯ ಮೇಲೆ ನಿಂತು ಮರದ ದಿಮ್ಮಿಯಿಂದ ಕುಟ್ಟಿ ತಾಳ ಕೊಡುವವರೂ ದೊಡ್ಡವರೇ. ವಂಚಿಪ್ಪಾಟ್ಟು ಹಾಡು ಬೇರೆ. ಅಂದರೆ ಅಲ್ಲಿ ಲಯ ಕಿವಿಗೆ ಬರುತ್ತದೆ. ಸುಮಾತ್ರಾದಲ್ಲಿ ಅದನ್ನು ಕಣ್ಣಿಗೆ ಕಾಣುವ ಹಾಗೆ ಮುಂದೆ ನಿಲ್ಲಿಸಿದ್ದಾರೆ, ಅದೂ ಒಂದು ಮಗುವಿನ ರೂಪದಲ್ಲಿ. ನನಗೆ ಅದೇ ಹೊಸತು ಅನಿಸಿತು.

ಎರಡು ಮಕ್ಕಳ ತಾಯಿ:
ಎಲ್ಲರೂ ತಾಳ ಲಯ ಅಂತ ಮೈಮರೆತಿದ್ದೀರಿ. ನಾನು ನೋಡುವಾಗ ನನ್ನ ಕಣ್ಣು ಹುಡುಗನ ಎದೆಯ ಮೇಲೆ ಹೋಯಿತು. ಲೈಫ್ ಜಾಕೆಟ್ ಇಲ್ಲ. ಹಿಂದೆ ಐವತ್ತು ಹುಟ್ಟುಗಳು. ಮುಂದಕ್ಕೆ ಬಿದ್ದರೆ ದೋಣಿ ಅವನ ಮೇಲೆಯೇ ಹೋಗುತ್ತದೆ. ಇದನ್ನು ಕೇಳಿದರೆ ಸಂಪ್ರದಾಯ ಅನ್ನುತ್ತೀರಿ. ನಮ್ಮಲ್ಲಿ ಮೊಸರುಕುಡಿಕೆಗೆ ಮೇಲೆ ಹತ್ತಿಸುವುದೂ ಚಿಕ್ಕ ಮಕ್ಕಳನ್ನೇ, ಹಗುರ ಅಂತ. ಅಲ್ಲಿ ಬಿದ್ದು ಕೈಕಾಲು ಮುರಿದವರನ್ನು ನಾನು ಆಸ್ಪತ್ರೆಯ ವಾರ್ಡಿನಲ್ಲಿ ನೋಡಿದ್ದೇನೆ, ನನ್ನ ಕೆಲಸವೇ ಅದು. ಹಗುರ ಅನ್ನುವುದು ದೋಣಿಗೆ ಒಳ್ಳೆಯದು, ಮಗುವಿಗೆ ಅದರಿಂದ ಏನು ಒಳ್ಳೆಯದು?

ಧಾರವಾಡ ಮಂದಿ:
ಅಕ್ಕಾರು ಹೇಳೋದು ಖರೆ ಐತಿ.

ರಿಯಾವು ರಾಯರು:
ನಿಮ್ಮ ಮಾತನ್ನು ತಳ್ಳಿಹಾಕುವುದಿಲ್ಲ. ಆ ಹುಡುಗನ ತಾಯಿಯೇ ಸುದ್ದಿಯವರ ಮುಂದೆ, ಮಗ ಬೀಳುತ್ತಾನೇನೋ, ಹುಟ್ಟಿನ ಪೆಟ್ಟು ಬೀಳುತ್ತದೇನೋ ಎಂಬ ಭಯ ತನಗಿದೆ, ಆದರೆ ರಕ್ಷಣಾ ತಂಡ ಇರುತ್ತದೆ ಎಂದಿದ್ದರು. ಸ್ಪರ್ಧೆಯ ಜಾಗದಲ್ಲಿ ರಕ್ಷಣಾ ದೋಣಿಗಳು ಇರುವುದು ನಿಜ. ಈ ಮಕ್ಕಳು ನಡೆಯಲು ಕಲಿತ ಹಾಗೆಯೇ ಈಜಲು ಕಲಿತವರು ಅನ್ನುವುದೂ ನಿಜ. ಆದರೂ ತೆಳುವಾದ ಜಾಕೆಟ್ ಒಂದನ್ನು ಅಂಗಿಯ ಒಳಗೆ ಹಾಕಿಸಿದರೆ ಯಾರ ಸಂಪ್ರದಾಯವೂ ಮುಳುಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಕಪ್ಪು ಕನ್ನಡಕ ಒಳಗೆ ಬಂದಿದೆಯಲ್ಲ, ಅದೇನು ಹದಿನೇಳನೇ ಶತಮಾನದ್ದಾ?

ಮಲ್ಪೆ ಬಂದರು:
ಜಾಕೆಟ್ ಹಾಕಿದರೆ ಸೊಂಟ ತಿರುಗುದಿಲ್ಲ, ಆಗ ಬೀಳುವುದು ಜಾಸ್ತಿ. ಇದು ಒಪ್ಪುವವರು ಒಪ್ಪಿ.

ಎರಡು ಮಕ್ಕಳ ತಾಯಿ:
ಒಪ್ಪುವುದಿಲ್ಲ. ಬೀಳುವುದು ಜಾಸ್ತಿಯಾದರೂ ತೇಲುತ್ತಾನೆ.

ನಿರ್ವಾಹಕ:
ಒಂದು ವಿನಂತಿ. ಹುಡುಗನ ಹೆಸರು, ಶಾಲೆ, ಮನೆಯ ವಿವರ ಇಲ್ಲಿ ಹಾಕಬೇಡಿ. ಬೇರೆಡೆ ಎಲ್ಲ ಬಂದಿದೆ ಅನ್ನುವುದು ಕಾರಣವಲ್ಲ, ಆತ ಮಗು. ಎರಡು ಪ್ರತಿಕ್ರಿಯೆಗಳನ್ನು ಅದಕ್ಕಾಗಿ ತೆಗೆದಿದ್ದೇನೆ. ಚರ್ಚೆ ಮುಂದುವರಿಯಲಿ.

ಬಿಎಸ್ಸಿ ಬ್ಯಾಕ್‌ಬೆಂಚ್:
ರಾಯರೇ, ಹದಿನೇಳನೇ ಶತಮಾನ ಅಂದಿರಲ್ಲ, ಅಷ್ಟು ಹಳೆಯದಾ ಇದು? ಮತ್ತೆ ಆಗಸ್ಟ್‌ನಲ್ಲಿ ಯಾಕೆ? ಸ್ವಾತಂತ್ರ್ಯ ದಿನಕ್ಕಾ?

ರಿಯಾವು ರಾಯರು:
ಹದಿನೇಳನೇ ಶತಮಾನದಿಂದ ಅಂತ ಜಿಲ್ಲೆಯವರು ಹೇಳುತ್ತಾರೆ. ಆಗ ಜಾಲುರ್ ಸ್ಪರ್ಧೆಯ ದೋಣಿಯಲ್ಲ, ಲಾರಿ. ರಸ್ತೆಯಿಲ್ಲದ ಕಾಲದಲ್ಲಿ ಬಾಳೆಗೊನೆ, ಕಬ್ಬು ಹೊತ್ತು ನದಿಯಲ್ಲಿ ಓಡಾಡಲು ಇದ್ದದ್ದು. ನಲವತ್ತು ಜನ ಹಿಡಿಸುತ್ತಿತ್ತು. ಆಮೇಲೆ ಊರ ಮುಖಂಡರ ದೋಣಿಗಳಿಗೆ ಮೂತಿಯಲ್ಲಿ ಹಾವು, ಮೊಸಳೆ, ಹುಲಿಯ ತಲೆ ಕೆತ್ತುವುದು, ಛತ್ರಿ, ಪತಾಕೆ ಎಲ್ಲ ಸೇರಿತು. ಯಾರ ದೋಣಿ ಬೇಗ ಹೋಗುತ್ತದೆ ಎಂಬ ಪಂಥ ಹುಟ್ಟಲು ಎಷ್ಟು ಹೊತ್ತು? ಮೊದಮೊದಲು ಇಸ್ಲಾಮಿನ ಹಬ್ಬದ ದಿನಗಳಲ್ಲಿ ಓಡಿಸುತ್ತಿದ್ದರು.

ಆಗಸ್ಟ್ ಬಂದದ್ದು ಡಚ್ಚರಿಂದ. ಅವರ ರಾಣಿ ವಿಲ್ಹೆಲ್ಮಿನಾ ಹುಟ್ಟಿದ್ದು 1880ರ ಆಗಸ್ಟ್ 31ರಂದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಡಚ್ಚರು ಈ ನದಿಯ ಊರುಗಳಿಗೆ ಬಂದ ಮೇಲೆ, ಜನ ಹೇಗೂ ಸೇರುವ ಈ ಓಟವನ್ನೇ ರಾಣಿಯ ಹುಟ್ಟುಹಬ್ಬಕ್ಕೆ ಕಟ್ಟಿಬಿಟ್ಟರು. 1945ರ ಆಗಸ್ಟ್ 17ಕ್ಕೆ ಇಂಡೋನೇಷ್ಯಾ ಸ್ವಾತಂತ್ರ್ಯ ಘೋಷಿಸಿಕೊಂಡಿತು. ಆಮೇಲೆ ಜನ ಓಟವನ್ನು ಹಾಗೇ ಇಟ್ಟುಕೊಂಡು ರಾಣಿಯನ್ನು ಕೆಳಗಿಳಿಸಿದರು, ಎರಡು ವಾರ ಹಿಂದಕ್ಕೆ ಎಳೆದು ಸ್ವಾತಂತ್ರ್ಯೋತ್ಸವಕ್ಕೆ ಸೇರಿಸಿಕೊಂಡರು. ತಿಂಗಳು ಅದೇ, ಯಜಮಾನಿಕೆ ಬದಲು.

ಕಾಸರಗೋಡಿನ ಭಟ್ರು:
ಇದು ಚಂದ ಉಂಟು. ಇಷ್ಟೊಂದು ದೋಣಿಗಳಿಗೆ ಮರ ಎಲ್ಲಿಂದ? ಚುಂಡನ್‌ಗೆ ಹಲಗೆ ಜೋಡಿಸುತ್ತಾರೆ. ಅಲ್ಲಿ?

ರಿಯಾವು ರಾಯರು:
ಒಂದೇ ಮರ. ನೀವು ಹುಣ್ಣಿನ ಮೇಲೆ ಕೈಯಿಟ್ಟಿರಿ ಭಟ್ರೇ.

ಜಾಲುರ್ ಆಗಬೇಕಾದರೆ ಮೂವತ್ತು ಮೀಟರ್ ನೆಟ್ಟಗೆ ಬೆಳೆದ, ಟೊಳ್ಳಿಲ್ಲದ ಮರ ಬೇಕು. ಕಾಡಿಗೆ ಹೋಗುವ ಮುಂಚೆ ಊರ ಸಭೆ. ಮರಕ್ಕೂ ಆತ್ಮವಿದೆ ಎಂಬ ನಂಬಿಕೆ, ಅದನ್ನು ಒಪ್ಪಿಸಲು ಪಾವಾಂಗ್ ಅನ್ನುವ ಮಂತ್ರಗಾರ ಬರಬೇಕು. ಕಡಿದ ಮೇಲೆ ದಿಮ್ಮಿಯನ್ನು ಕಾಡಿನಿಂದ ಊರಿಗೆ ಎಳೆಯುವುದು ದೊಡ್ಡ ಹಬ್ಬ, ಗಂಡಸರು ಹೆಂಗಸರು ಎಲ್ಲರೂ ಹಗ್ಗಕ್ಕೆ ಕೈ ಹಾಕುತ್ತಾರೆ. ತೋಡಿದ ದೋಣಿಯನ್ನು ಕೆಳಗಿನಿಂದ ಬೆಂಕಿಯಲ್ಲಿ ಹದವಾಗಿ ಕಾಯಿಸಿ ಹೊಟ್ಟೆ ಅಗಲಿಸುತ್ತಾರೆ. ಆ ರಾತ್ರಿ ಊರಿಗೆ ನಿದ್ದೆಯಿಲ್ಲ. ಹೆಚ್ಚು ಕಾದರೆ ಸೀಳು ಬಿಟ್ಟು ತಿಂಗಳುಗಟ್ಟಲೆಯ ಕೆಲಸ ಬೂದಿ.

ಈಗ ಅಂಥ ಮರ ಎಲ್ಲಿದೆ? ಪ್ರಾಂತ್ಯದ ರಾಜಧಾನಿ ಪೆಕನ್‌ಬಾರುವಿನಿಂದ ಆ ಕಡೆ ಕಾರಿನಲ್ಲಿ ಹೋಗಿ ನೋಡಿ, ಗಂಟೆಗಟ್ಟಲೆ ತಾಳೆಎಣ್ಣೆಯ ತೋಟ, ನಡುವೆ ಕಾಗದಕ್ಕೆ ಬೆಳೆಸುವ ಅಕೇಶಿಯಾ. ನಾನು ಉಣ್ಣುವ ಅನ್ನವೂ ಅದರಿಂದಲೇ, ಆದ್ದರಿಂದ ಹೆಚ್ಚು ಮಾತಾಡುವ ನೈತಿಕತೆ ನನಗಿಲ್ಲ. ಆದರೆ ಇದು ವಾಸ್ತವ. ಹಳ್ಳಿಯವರು ಮರ ಹುಡುಕಲು ಹೆಚ್ಚು ಹೆಚ್ಚು ದೂರ ಹೋಗಬೇಕಾಗಿದೆ. ನದಿಯದ್ದು ಇನ್ನೊಂದು ಕತೆ. ಅಕ್ರಮವಾಗಿ ಚಿನ್ನ ಹೀರುವ ತೆಪ್ಪಗಳು ತಳದ ಮಣ್ಣನ್ನೆಲ್ಲ ಕದಡಿ ನೀರನ್ನು ಕೆಂಪಾಗಿಸಿವೆ, ಪಾದರಸ ಬೇರೆ. ಹಬ್ಬ ಹತ್ತಿರ ಬಂದಾಗ ಪೊಲೀಸರು ದಾಳಿ ಮಾಡುತ್ತಾರೆ. ಹುಡುಗ ಬೀಳುವ ನೀರು ಅದೇ ಅನ್ನುವುದನ್ನು ಮೇಲೆ ಮಾತಾಡಿದ ತಾಯಿಯವರ ಪಟ್ಟಿಗೆ ನಾನೇ ಸೇರಿಸುತ್ತೇನೆ.

ಧಾರವಾಡ ಮಂದಿ:
ಹಂಗಾರ ಹುಡುಗಗ ಏನ್ ಸಿಕ್ತು ಇದರಾಗ? ಜಗತ್ತೆಲ್ಲ ಅವನ್ನ ನಕಲು ಮಾಡಿ ರೊಕ್ಕ ಮಾಡ್ಕೊಂಡ್ರಲ್ಲ.

ರಿಯಾವು ರಾಯರು:
ಸಿಗದೆ ಇಲ್ಲ. ರಿಯಾವು ಗವರ್ನರ್ ಆತನನ್ನು ಪ್ರವಾಸೋದ್ಯಮದ ರಾಯಭಾರಿ ಅಂತ ಘೋಷಿಸಿ ಓದಿಗೆ ಇಲ್ಲಿಯ ಹಣದಲ್ಲಿ ಎರಡು ಕೋಟಿ ರುಪಿಯಾ ಕೊಟ್ಟರು. ಕೋಟಿ ಅಂತ ಗಾಬರಿಯಾಗಬೇಡಿ, ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ರೂಪಾಯಿಯ ಆಸುಪಾಸು. ಜಕಾರ್ತಾಕ್ಕೆ ಕರೆಸಿ ಮಂತ್ರಿಗಳು ಜತೆಗೆ ನಿಂತು ಕುಣಿದರು. ಆ ವರ್ಷದ ಆಗಸ್ಟ್ ಸ್ಪರ್ಧೆಯನ್ನು ಉದ್ಘಾಟಿಸಲು ಉಪರಾಷ್ಟ್ರಪತಿ ಗಿಬ್ರಾನ್ ಬಂದರು. ದಡದಲ್ಲಿ ಕಾಲಿಡಲು ಜಾಗವಿರಲಿಲ್ಲ.

ಇದರಲ್ಲಿ ನನಗೆ ಕಿರಿಕಿರಿಯಾದದ್ದು ಒಂದು. ರಾಯಭಾರಿ ಪಟ್ಟ ಒಬ್ಬನಿಗೆ ಬಂತು. ಆದರೆ ಅಲ್ಲಿ ಪ್ರತಿ ದೋಣಿಗೂ ಒಬ್ಬ ಹುಡುಗ ಇರುತ್ತಾನೆ. ಅವರಲ್ಲಿ ಎಷ್ಟೋ ಜನ ಈತನಷ್ಟೇ, ಕೆಲವರು ಈತನಿಗಿಂತ ಚೆನ್ನಾಗಿ ಕುಣಿಯುತ್ತಾರೆ, ಅವರ ಮುಂದೆ ಆ ಹೊತ್ತಿಗೆ ಫೋನ್ ಇರಲಿಲ್ಲ ಅಷ್ಟೇ.

ತುಂಗೆಯ ದಡದವಳು:
ಆತನ ಮುಖದಲ್ಲಿ ನಗುವಿಲ್ಲ ಅಂತ ಎಲ್ಲರೂ ಮೆಚ್ಚಿದ್ದು. ‘ಎಷ್ಟು ಗತ್ತು’ ಅಂತ. ನನಗೆ ರಾಯರ ಮಾತು ಕೇಳಿದ ಮೇಲೆ ಮತ್ತೆ ವಿಡಿಯೊ ನೋಡಿದಾಗ ಗತ್ತು ಕಾಣಲಿಲ್ಲ, ಗಮನ ಕಂಡಿತು. ಕೆಲಸ ಮಾಡುವವರ ಮುಖ ಹಾಗೇ ಇರುತ್ತದೆ. ಸಂತೋಷವೆಲ್ಲ ಕೈಯಲ್ಲಿದೆ. ಕೊನೆಗೆ ಮುತ್ತು ಎಸೆಯುವ ಹಾಗೆ ಒಂದು ಕೈ ಬೀಸುತ್ತಾನಲ್ಲ, ಅದು ಎದುರಾಳಿ ದೋಣಿ ಹಿಂದೆ ಉಳಿದ ಮೇಲೆ. ಅಲ್ಲಿ ಮಾತ್ರ ತುಂಟತನ.

ಕಾಸರಗೋಡಿನ ಭಟ್ರು:
ಯಕ್ಷಗಾನದ ಪೂರ್ವರಂಗದಲ್ಲಿ ಚಿಕ್ಕ ಹುಡುಗರು ಕೋಡಂಗಿ, ಬಾಲಗೋಪಾಲ ವೇಷ ಕಟ್ಟಿ ಬರುತ್ತಾರೆ. ಮುಖ ನೋಡಿ ಒಮ್ಮೆ, ಒಬ್ಬನೂ ನಗುವುದಿಲ್ಲ. ತಾಳ ತಪ್ಪಿದರೆ ಭಾಗವತರ ಕಣ್ಣು ಬೀಳುತ್ತದೆ ಅಂತ ಗೊತ್ತು. ಆದರೆ ವೇಷ ಕಳಚಿದ ಮೇಲೆ ಚೌಕಿಯಲ್ಲಿ ಅವರನ್ನು ಹಿಡಿಯಲಿಕ್ಕೆ ಆಗುವುದಿಲ್ಲ. ದೊಡ್ಡವರ ಆಟದಲ್ಲಿ ಮಗುವಿಗೊಂದು ನಿಜವಾದ ಜಾಗ ಕೊಟ್ಟರೆ ಅದಕ್ಕೆ ಬರುವ ಗಾಂಭೀರ್ಯವೇ ಬೇರೆ.

ಎರಡು ಮಕ್ಕಳ ತಾಯಿ:
ಕೋಡಂಗಿ ರಂಗಸ್ಥಳದಿಂದ ಬಿದ್ದರೆ ಮಣ್ಣಿಗೆ ಬೀಳುತ್ತಾನೆ ಭಟ್ರೇ. ನನ್ನ ಜಾಕೆಟ್ ಇನ್ನೂ ಇಲ್ಲೇ ಇದೆ.

ಕಾಸರಗೋಡಿನ ಭಟ್ರು:
ಇರಲಿ ತಾಯಿ, ಅದನ್ನು ನಾನು ತೆಗೆಯಲು ಹೇಳಲಿಲ್ಲ.

ಬಿಎಸ್ಸಿ ಬ್ಯಾಕ್‌ಬೆಂಚ್:
ಹೋಗಿ ನೋಡಬೇಕು ಅಂದರೆ ಹೇಗೆ? ಖರ್ಚು ಮನೆಯಲ್ಲಿ ಹೇಳುವಷ್ಟರಲ್ಲಿ ಮುಗಿಯುತ್ತಾ?

ರಿಯಾವು ರಾಯರು:
ಬೆಂಗಳೂರಿನಿಂದ ಕೌಲಾಲಂಪುರ, ಅಲ್ಲಿಂದ ಪೆಕನ್‌ಬಾರುವಿಗೆ ಸಣ್ಣ ಹಾರಾಟ. ಪೆಕನ್‌ಬಾರುವಿನಿಂದ ತೆಲುಕ್ ಕುವಾಂತಾನ್‌ಗೆ ರಸ್ತೆಯಲ್ಲಿ ನಾಲ್ಕು ಗಂಟೆ ಹಿಡಿದುಕೊಳ್ಳಿ. ತಾಳೆಹಣ್ಣಿನ ಲಾರಿ ಮುಂದೆ ಸಿಕ್ಕರೆ ಐದು. ಹಬ್ಬದ ವಾರ ಪಟ್ಟಣದಲ್ಲಿ ಕೋಣೆ ಸಿಗುವುದು ಕಷ್ಟ, ಮುಂಚೆಯೇ ಮಾತಾಡಿ ಇಡಬೇಕು. ತಾರೀಕು ವರ್ಷವರ್ಷ ಸ್ವಲ್ಪ ಆಚೀಚೆ ಆಗುತ್ತದೆ. ಸಸ್ಯಾಹಾರಿಗಳಾದರೆ ಉಪ್ಪಿನಕಾಯಿ ಕಟ್ಟಿಕೊಂಡು ಬನ್ನಿ. ಮೆಣಸಿನಕಾಯಿಗೆ ಕೊರತೆಯಿಲ್ಲ, ಆದರೆ ಎಲ್ಲದರಲ್ಲೂ ಒಣಮೀನು ಇರುತ್ತದೆ.

ಬಂದರೆ ಗೆರೆ ದಾಟುವ ಕಡೆ ನಿಲ್ಲಬೇಡಿ, ಎಲ್ಲರೂ ಅಲ್ಲೇ ನುಗ್ಗುತ್ತಾರೆ. ಓಟದ ನಡುಭಾಗಕ್ಕೆ, ನೀರಿನಲ್ಲಿ ನೆಟ್ಟ ಗುರುತಿನ ಕಂಬಗಳಲ್ಲೊಂದರ ಎದುರಿಗೆ ಹೋಗಿ. ಎರಡೂ ಹುಡುಗರು ಕೂತಿರುವುದು, ಆಮೇಲೆ ಒಬ್ಬ ಏಳುವುದು, ಕೆಲವು ಸಲ ಕಂಬ ದಾಟುವಷ್ಟರಲ್ಲಿ ಅವನು ಕೂತು ಇನ್ನೊಬ್ಬ ಏಳುವುದು, ಎಲ್ಲ ಅಲ್ಲಿ ಸಿಗುತ್ತದೆ.

ಧಾರವಾಡ ಮಂದಿ:
ರಾಯರ, ನಿಮ್ಮ ಮನ್ಯಾಗ ಎಷ್ಟ ಮಂದಿಗೆ ಜಾಗಾ ಐತಿ? ಉಪ್ಪಿನಕಾಯಿ ಜೋಡಿ ರೊಟ್ಟಿ, ಶೇಂಗಾ ಚಟ್ನಿ ನಾ ತರತೀನಿ.

ರಿಯಾವು ರಾಯರು:
ಚಟ್ನಿಪುಡಿ ತರುವವರಿಗೆಲ್ಲ ಜಾಗ ಇದೆ. ಒಳಪೆಟ್ಟಿಗೆಗೆ ಬರೆಯಿರಿ.